ಗಾಂಜಾ ಹೊಗೆ: ಆಯೋಗದಿಂದ ಅಳತೆಯವರೆಗೆ

ಗಾಂಜಾ ಸೇದಿದರೆ ಶ್ವಾಸನಾಳಗಳ ಉರಿಯೂತ, ಉಬ್ಬಸ ಬರುತ್ತವೆಯೇ? 1893ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ನೇಮಿಸಿದ ಗಾಂಜಾ ಆಯೋಗ ಈ ಪ್ರಶ್ನೆಯನ್ನೂ ಕೇಳಿತ್ತು. 1193 ಸಾಕ್ಷಿಗಳನ್ನು ವಿಚಾರಿಸಿ, ಮಿತ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಉರಿಯೂತ ಬರಬಹುದು ಎಂದು 1894ರಲ್ಲಿ ವರದಿ ಮಾಡಿತು. ಇದು ಬಹುಮಟ್ಟಿಗೆ ಅಭಿಪ್ರಾಯಗಳ ಸಂಗ್ರಹ; ಸಾಕ್ಷಿಗಳ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅಳತೆಯ ಸ್ಥಾನವನ್ನು ಅದು ತುಂಬಲಾರದು.

ಅಳತೆಗೆ ಬರೋಣ. 1988ರಲ್ಲಿ ಲಾಸ್ ಏಂಜಲೀಸ್‌ನ ಡೊನಾಲ್ಡ್ ಟಾಶ್ಕಿನ್ ತಂಡ 15 ಮಂದಿಯನ್ನು ಪರೀಕ್ಷಿಸಿತು. ತಂಬಾಕಿಗೆ ಹೋಲಿಸಿದರೆ ಒಳಸೇರಿದ ಟಾರು ಸುಮಾರು ಮೂರು ಪಟ್ಟು. ದಮ್ಮು ದೊಡ್ಡದು, ಉಸಿರು ಹಿಡಿಯುವ ಅವಧಿ ನಾಲ್ಕು ಪಟ್ಟು ದೀರ್ಘ. ಉಸಿರು ನಿಂತಷ್ಟೂ ಹೊಗೆಯ ಸೂಕ್ಷ್ಮಕಣಗಳು ಗುರುತ್ವದಿಂದಲೂ ಬ್ರೌನಿಯನ್ ಚಲನೆಯಿಂದಲೂ ಶ್ವಾಸಕೋಶದ ಗೋಡೆಗೆ ಅಂಟುತ್ತವೆ.

ಅಪರೂಪಕ್ಕೆ ಸೇದುವವರಲ್ಲಿ ಉಸಿರಾಟದ ಸಾಮರ್ಥ್ಯ ಕುಗ್ಗಿಲ್ಲವೆಂದು 2012ರಲ್ಲಿ ಅಮೆರಿಕದ ದೀರ್ಘಾವಧಿ ಅಧ್ಯಯನವೊಂದು ತಿಳಿಸಿತು. ನಿತ್ಯ ಸೇದುವವರ ಕೆಮ್ಮು, ಕಫದ ವಿಷಯದಲ್ಲಿ ಮಾತ್ರ ಈಗ ವಿವಾದವಿಲ್ಲ.