ಸಾಕು ದಂಶಕಗಳ ಸಹಜ ಆವರಣ

ಹ್ಯಾಮ್ಸ್ಟರ್, ಜರ್ಬಿಲ್, ಬಿಳಿ ಇಲಿಯಂಥ ಚಿಕ್ಕ ದಂಶಕಗಳನ್ನು ತಂತಿ ಪಂಜರದಲ್ಲಿಡದೆ, ಅವುಗಳ ಮೂಲ ನೆಲವನ್ನು ಹೋಲುವ ಮಣ್ಣು, ಕಲ್ಲು, ಹುಲ್ಲು, ಕೊರಡುಗಳ ನಡುವೆ ಸಾಕಲು ಕಟ್ಟುವ ಗಾಜಿನ ಅಥವಾ ಮರದ ತೊಟ್ಟಿಗೆ ಸಹಜ ಆವರಣ ಎನ್ನುತ್ತಾರೆ. ಈ ‘ಸಹಜ’ಕ್ಕೆ ಎರಡು ಅರ್ಥ ಹುಟ್ಟಿಕೊಂಡಿವೆ. ನೋಡುವವರ ಕಣ್ಣಿಗೆ ಸಹಜವಾಗಿ ಕಾಣುವುದು ಒಂದು, ಒಳಗಿರುವ ಪ್ರಾಣಿಯ ಉಗುರಿಗೆ ಸಹಜವಾಗಿ ಸಿಗುವುದು ಇನ್ನೊಂದು. ಹವ್ಯಾಸವಾಗಿ ಇದು ಬಳ್ಳಾರಿ ಸೀಮೆಗೆ ಹೊರಗಿನಿಂದ ಬಂದದ್ದು. ಆದರೆ ಅದಕ್ಕೆ ಬೇಕಾದ ಮೂಲ ತಿಳಿವಳಿಕೆ, ಅಂದರೆ ಯಾವ ಇಲಿ ಯಾವ ಮಣ್ಣಿನಲ್ಲಿ ಹೇಗೆ ಬಿಲ ತೋಡುತ್ತದೆ ಎಂಬುದು, ಪಕ್ಕದ ಧಾರವಾಡ ಸೀಮೆಯಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಬರಹಕ್ಕೆ ಇಳಿದಿತ್ತು.

ಬರೆದಿಟ್ಟವರು ಮದ್ರಾಸ್ ಸಿವಿಲ್ ಸೇವೆಯ ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ಮೇಲೆ ಸಹೋದ್ಯೋಗಿ ಸ್ಟೀವನ್‌ಸನ್ ಜೊತೆ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದ ಎಲಿಯಟ್ ಇವರೇ. ಬಿಡುಗಡೆಯಾದ ನಂತರವೂ ಧಾರವಾಡದ ಸುತ್ತಲೇ ಉಳಿದು, ಅಲ್ಲಿನ ಸಸ್ತನಿಗಳ ಪಟ್ಟಿಯೊಂದನ್ನು ಮಾಡಿ 1839ರಲ್ಲಿ ಮದ್ರಾಸಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪಟ್ಟಿಯ ಇಲಿಗಳ ಭಾಗದಲ್ಲಿ ಹೆಜ್ಜೆಹೆಜ್ಜೆಗೂ ಕಾಣುವುದು ಒಡ್ಡರ ಮಾತು. ಮಣ್ಣು ಅಗೆದು ಕಲ್ಲು ಒಡೆದು ಬದುಕುತ್ತಿದ್ದ ಆ ಸಮುದಾಯಕ್ಕೆ ಬಿಲದ ಬಾಯಿ ಕಂಡರೆ ಸಾಕು, ಒಳಗಿರುವುದು ಯಾವುದೆಂದು ಗೊತ್ತಾಗುತ್ತಿತ್ತು. ಹೊಲದ ಮೆದುಗೂದಲಿನ ಇಲಿಯನ್ನು ಅವರು ‘ಮೆಟ್ಟಾಡ’ ಎಂದು ಕರೆಯುತ್ತಿದ್ದರು. ಅದೇ ಇಂದು ‘ಮಿಲಾರ್ಡಿಯ ಮೆಲ್ಟಾಡ’ ಎಂಬ ಹೆಸರಿನಲ್ಲಿದೆ. ಪೊದೆಯಿಲಿಗೆ ಇದ್ದ ‘ಗುಲಂದಿ’ ಎಂಬ ಕನ್ನಡ ಹೆಸರು ‘ಗೊಲುಂಡ’ ಎಂಬ ಲ್ಯಾಟಿನ್ ವೇಷ ತೊಟ್ಟಿತು, ಮುಂದಿನ ಪದ ಎಲಿಯಟ್ಟರದೇ. ಹೆಸರು ಕೊಟ್ಟ ಒಡ್ಡರಲ್ಲಿ ಒಬ್ಬರ ಹೆಸರೂ ಎಲ್ಲೂ ಉಳಿದಿಲ್ಲ.

ಆ ಬರಹದಲ್ಲಿ ಸಹಜ ಆವರಣ ಕಟ್ಟುವವರು ಮೊದಲು ಓದಬೇಕಾದದ್ದು ಮುಳ್ಳುಗೂದಲಿನ ಸುಂಡಿಲಿಯ ವಿವರ. ಒಡ್ಡರು ‘ಲೆಗ್ಗಾಡ’ ಎನ್ನುತ್ತಿದ್ದ ಈ ಪುಟ್ಟ ಪ್ರಾಣಿ ಕೆಂಪು ಗರಸು ನೆಲದಲ್ಲಿ, ಸಾಮಾನ್ಯವಾಗಿ ಏರಿಯ ಪಕ್ಕದಲ್ಲಿ, ಹೆಚ್ಚು ಆಳವಿಲ್ಲದ ಬಿಲ ತೋಡುತ್ತದೆ. ಒಳಗೆ ಹೋದ ಮೇಲೆ ಸಣ್ಣ ಹರಳುಕಲ್ಲುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಗೆ ರಾಶಿ ಬಿದ್ದ ಹರಳುಗಳೇ ಅದರ ಮನೆಯ ಗುರುತು. ಒಳಕೋಣೆಯಲ್ಲೂ ಹರಳುಗಳದೇ ಹಾಸಿಗೆ, ಅದರ ಮೇಲೆ ಕೂತಿರುತ್ತದೆ. ಹೊಟ್ಟೆಯ ದಟ್ಟ ಕೂದಲು ಕಲ್ಲಿನ ತಂಪು, ಒರಟು ಎರಡನ್ನೂ ತಡೆಯುತ್ತದೆ. ಹತ್ತಿ, ಮೆತ್ತೆ ಎಂದು ನಾವು ಹಾಸುವುದೆಲ್ಲ ನಮ್ಮ ಸುಖದ ಅಳತೆ.

ಮೆಟ್ಟಾಡದ ಕಥೆ ಬೇರೆ. ಅದಕ್ಕೆ ಗಟ್ಟಿ ಬಿಲ ತೋಡುವ ಶ್ರಮ ಬೇಡ. ಪೊದೆಯ ಬುಡ, ಕಲ್ಲುಗುಡ್ಡೆ, ಬೇರೆ ಇಲಿ ಬಿಟ್ಟುಹೋದ ಬಿಲ, ಕೊನೆಗೆ ಬೇಸಗೆಯಲ್ಲಿ ಎರೆಭೂಮಿ ಬಿಟ್ಟ ಬಿರುಕೇ ಸಾಕು. ಮುಂಗಾರಿನ ಮೊದಲ ಮಳೆಗೆ ಎರೆ ಹಿಗ್ಗಿ ಬಿರುಕು ಮುಚ್ಚಿಕೊಂಡಾಗ ಅಸಂಖ್ಯ ಇಲಿಗಳು ಅಲ್ಲೇ ಸಾಯುತ್ತವೆ. 1826ರಲ್ಲಿ ಮಳೆ ಕೈಕೊಟ್ಟು ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಪಿಡುಗಾಗುವಷ್ಟು ಹೆಚ್ಚಿದವು ಎಂದು ಎಲಿಯಟ್ ಬರೆಯುತ್ತಾರೆ. ಬಳ್ಳಾರಿ, ಸಿರುಗುಪ್ಪದ ಎರೆಹೊಲ ಕಂಡವರಿಗೆ ಇದು ಹೊಸ ಮಾತಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪದ ಕಡೆ ಭತ್ತ ಹಬ್ಬಿತು. ಭತ್ತದ ಗದ್ದೆಯಲ್ಲಿ ಇಲಿ ಬಿರುಕು ಬಿಟ್ಟು ಬದುವನ್ನು ಹಿಡಿಯುತ್ತದೆ.

ಬಳ್ಳಾರಿಯ ಹೆಸರನ್ನೇ ಹೊತ್ತ ದಂಶಕವೂ ಒಂದಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಯ ಕಾಲದಲ್ಲಿ, ಅಂದಿನ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಸಿಕ್ಕ ಮೂರು ಪಟ್ಟೆಯ ಅಳಿಲಿಗೆ ರಾಟನ್ ಎಂಬ ವಿಜ್ಞಾನಿ 1916ರಲ್ಲಿ ‘ಬೆಲ್ಲಾರಿಕಸ್’ ಎಂಬ ಉಪಜಾತಿಯ ಹೆಸರಿಟ್ಟರು. ಮರದಿಂದ ಬಿದ್ದ ಅಳಿಲುಮರಿಯನ್ನು ಹತ್ತಿಯಲ್ಲಿಟ್ಟು ಹಾಲು ಕುಡಿಸಿದ ನೆನಪು ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಆದರೆ ಅಳಿಲಿಗೆ ಬೇಕಾದ್ದು ಮರದ ಎತ್ತರ, ತೊಟ್ಟಿಯ ಆಳವಲ್ಲ. ಹಾಗಾಗಿ ಅದು ಈ ಲೇಖನದ ಹೊರಗೇ ಉಳಿಯುತ್ತದೆ.

ಹೊರಜಗತ್ತಿನಲ್ಲಿ ಇಲಿ ಸಾಕಣೆ ಮೊದಲು ಬಣ್ಣದ ಹುಚ್ಚಾಗಿ ಬೆಳೆಯಿತು. ಬಣ್ಣಬಣ್ಣದ ಇಲಿಗಳ ತಳಿ ಮಾಡುವ ಕೈಪಿಡಿ ಜಪಾನಿನಲ್ಲಿ 1787ರಲ್ಲೇ ಅಚ್ಚಾಯಿತು, ಇಂಗ್ಲೆಂಡಿನಲ್ಲಿ 1895ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಸಂಘ ಹುಟ್ಟಿತು. ಪ್ರದರ್ಶನಕ್ಕೆ ಇಡುವ ಇಲಿಗೆ ಪುಟ್ಟ ಪೆಟ್ಟಿಗೆ ಸಾಕಾಗಿತ್ತು. ದೊಡ್ಡ ಪ್ರಾಣಿಗಳ ಮಟ್ಟಿಗೆ ಕಂಬಿ ಕಳಚಿದ್ದು 1907ರಲ್ಲಿ, ಹ್ಯಾಂಬರ್ಗಿನ ಬಳಿ ಕಾರ್ಲ್ ಹಾಗೆನ್‌ಬೆಕ್ ಕಂದಕ ಮತ್ತು ಕೃತಕ ಬಂಡೆಗಳ ಮೃಗಾಲಯ ತೆರೆದಾಗ. ಅದೂ ಬಹುಮಟ್ಟಿಗೆ ಪ್ರೇಕ್ಷಕರಿಗಾಗಿ ಕಟ್ಟಿದ ರಂಗಸಜ್ಜಿಕೆಯೇ.

ಚಿಕ್ಕ ದಂಶಕಗಳ ವಿಷಯದಲ್ಲಿ ನಿಜವಾದ ತಿರುವು ಬಂದದ್ದು ಆಕಸ್ಮಿಕವಾಗಿ. ಕಾಲಾ ಅಜಾರ್ ವರ್ಗದ ರೋಗಗಳ ಸಂಶೋಧನೆಗೆ ವಿಜ್ಞಾನಿ ಸಾಲ್ ಆಡ್ಲರ್ ಅವರಿಗೆ ಹ್ಯಾಮ್ಸ್ಟರ್ ಬೇಕಿತ್ತು. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಆಹರೋನಿ ಸಿರಿಯಾದ ಅಲೆಪ್ಪೊ ಹತ್ತಿರದ ಗೋಧಿ ಹೊಲವೊಂದನ್ನು ಆಳಕ್ಕೆ ಅಗೆಸಿ, ತಾಯಿ ಹ್ಯಾಮ್ಸ್ಟರನ್ನೂ ಮರಿಗಳನ್ನೂ ಹಿಡಿದು, ಮರಿಗಳನ್ನು ಜೆರುಸಲೇಮಿಗೆ ತಂದರು. ಅಲ್ಲಿ ಕೆಲವು ಮರಿಗಳು ಮರದ ಪೆಟ್ಟಿಗೆಯ ತಳ ಕಡಿದು ಪರಾರಿಯಾದವು. ಉಳಿದವುಗಳ ಹೊಣೆ ಹೊತ್ತಿದ್ದ ಬೆನ್ ಮೆನಾಹೆಮ್ ದೊಡ್ಡ ತಂತಿಗೂಡಿಗೆ ಒಣಹುಲ್ಲನ್ನು ಒತ್ತೊತ್ತಾಗಿ ತುಂಬಿ, ಮೇಲುಗಡೆ ಮಾತ್ರ ತುಸು ಬೆಳಕು ಬರುವಂತೆ ಬಿಟ್ಟರು. ಹುಲ್ಲಿನಲ್ಲಿ ಸುರಂಗ ಕೊರೆದ ಜೋಡಿ ಅಲ್ಲೇ ಕೂಡಿ ಮರಿ ಹಾಕಿತು. ಇಂದು ಮನೆಗಳಲ್ಲಿ ಸಾಕುವ ಚಿನ್ನದ ಬಣ್ಣದ ಹ್ಯಾಮ್ಸ್ಟರುಗಳು ಬಹುತೇಕ ಆ ವಂಶದವೇ. ನೋಡಲು ಚೆಂದವೇನೂ ಇಲ್ಲದ ಆ ಹುಲ್ಲಿನ ಗೂಡನ್ನು ಮೊದಲ ಸಹಜ ಆವರಣ ಎಂದು ಕರೆದರೆ ತಪ್ಪಾಗದು. ಅದರ ಪಾಠ ಮಾತ್ರ ಬೇಗ ಮರೆತುಹೋಯಿತು. 1970ರ ದಶಕದಿಂದ ಅಂಗಡಿಗಳನ್ನು ಆಳಿದ್ದು ಬಣ್ಣದ ಪ್ಲಾಸ್ಟಿಕ್ ಕೊಳವೆಗಳು.

ಪಾಠ ಮರಳಿದ್ದು ಪ್ರಯೋಗಗಳ ಮೂಲಕ. ಪ್ರಾಣಿಗೆ ಜಾಗದ ವಿಸ್ತಾರಕ್ಕಿಂತ ಜಾಗದ ಗುಣ ಮುಖ್ಯ ಎಂದು ಸ್ವಿಸ್ ವಿಜ್ಞಾನಿ ಹೈನಿ ಹೆಡಿಗರ್ 1942ರಲ್ಲೇ ವಾದಿಸಿದ್ದರು. ಪಂಜರದ ಮೂಲೆ ಕೆದರುತ್ತಲೇ ಇರುವ ಜರ್ಬಿಲ್‌ಗೆ ಬರೀ ಮರಳು ಕೊಟ್ಟರೆ ಆ ಗೀಳು ಹೋಗುವುದಿಲ್ಲ, ಸುರಂಗದ ಕೊನೆಗೊಂದು ಕತ್ತಲ ಕೋಣೆ ಕೊಟ್ಟರೆ ತಗ್ಗುತ್ತದೆ ಎಂದು ಸಂಶೋಧಕ ವೀಡೆನ್‌ಮಾಯರ್ 1997ರಲ್ಲಿ ತೋರಿಸಿದರು. ಅದಕ್ಕೆ ಬೇಕಿದ್ದದ್ದು ಅಗೆತವಲ್ಲ, ಬಿಲ. 2001ರಲ್ಲಿ ಗಾಟರ್‌ಮನ್ ತಂಡ ಸಿರಿಯಾದಲ್ಲಿ ಅಳೆದ ಹ್ಯಾಮ್ಸ್ಟರ್ ಬಿಲಗಳ ಸರಾಸರಿ ಆಳ 65 ಸೆಂ.ಮೀ., ಕೆಲವು ಒಂದು ಮೀಟರ್ ಮೀರಿದ್ದವು. 2006ರ ಸ್ವಿಸ್ ಅಧ್ಯಯನವೊಂದು 10, 40 ಮತ್ತು 80 ಸೆಂ.ಮೀ. ದಪ್ಪದ ಹಾಸುಗಳನ್ನು ಹೋಲಿಸಿತು. 80 ಸೆಂ.ಮೀ. ಹಾಸಿನಲ್ಲಿದ್ದ ಹ್ಯಾಮ್ಸ್ಟರುಗಳು ಕಂಬಿ ಕಡಿದದ್ದು ಕಾಣಲೇ ಇಲ್ಲ.

ಭಾರತದಲ್ಲಿ ಹಾಸಿನ ಪ್ರಶ್ನೆ ಪ್ರಯೋಗಶಾಲೆಗಳ ಪ್ರಾಣಿಗೃಹಗಳಲ್ಲೂ ಏಳುತ್ತದೆ. ಅಲ್ಲಿನ ವಾಡಿಕೆಯ ಹಾಸು ಶುಚಿಗೊಳಿಸಿದ ಭತ್ತದ ಹೊಟ್ಟು. ಸಿರುಗುಪ್ಪದ ರೈಸ್‌ಮಿಲ್ಲುಗಳ ಹಿಂದೆ ಗುಡ್ಡೆ ಬೀಳುವುದೂ ಅದೇ. ಅಗ್ಗ, ಹಗುರ, ಆದರೆ ಜಾರುವ ಕಾಳಿನಂತೆ ಕುಸಿಯುವುದರಿಂದ ಅದೊಂದರಲ್ಲೇ ಸುರಂಗ ನಿಲ್ಲುವುದಿಲ್ಲ, ಧೂಳೂ ಹೆಚ್ಚು. ಕತ್ತರಿಸಿದ ಒಣಹುಲ್ಲು, ತೆಂಗಿನ ನಾರಿನ ಪುಡಿ ಬೆರೆಸಿ ಕೈಯಿಂದ ಅದುಮಿದರೆ ಹಿಡಿತ ಬರುತ್ತದೆ. ಎರೆಮಣ್ಣು ಬೇಡವೇ ಬೇಡ: ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಮಸಾರಿ ಮಣ್ಣು ಒಂದು ಮೂಲೆಗೆ ಆದೀತು. ಇನ್ನು ಕುರುಗೋಡಿನ ಗುಡ್ಡಗಳ ಕಣಶಿಲೆಯ ಚಪ್ಪಡಿ ತೊಟ್ಟಿಗೆ ಇಟ್ಟರೆ ನೋಟಕ್ಕೆ ಅದೇ ಊರು. ಆದರೆ ಅದನ್ನು ಹಾಸಿನ ಮೇಲೆ ಇಡಬಾರದು. ಇಲಿ ಅಡಿಯಿಂದ ಕೊರೆದರೆ ಕಲ್ಲು ಅದರ ಮೇಲೆಯೇ ಕೂರುತ್ತದೆ. ಮೊದಲು ತೊಟ್ಟಿಯ ತಳಕ್ಕೇ ಕಲ್ಲು ಊರಿ, ಆಮೇಲೆ ಸುತ್ತ ಹಾಸು ತುಂಬಬೇಕು.

ಅಲುಗಾಡಲೂ ಆಗದಷ್ಟು ಇಕ್ಕಟ್ಟಿನ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಸಾಕುಪ್ರಾಣಿ ಅಂಗಡಿಗಳಿಗೆಂದೇ 2018ರಲ್ಲಿ ನಿಯಮಗಳು ಬಂದವು. ಆದರೆ ಬಿಲದ ಆಳವನ್ನು ಮನೆಯಲ್ಲಿ ಸಾಕುವವರೇ ನೋಡಿಕೊಳ್ಳಬೇಕು.

ಈ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಬಿಸಿಲು. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಿದ ಗಾಜಿನ ತೊಟ್ಟಿ ಒಲೆಯಾಗುತ್ತದೆ. ಮೇಲೆ ಗಾಜಿನ ಬದಲು ಜಾಳಿಗೆ, ಕಿಟಕಿಯಿಂದ ದೂರದ ಜಾಗ, ಹಾಸಿನೊಳಗೆ ಅರ್ಧ ಹೂತ ಮಣ್ಣಿನ ಗಡಿಗೆ, ಇಷ್ಟು ಅನುಕೂಲ ಮಾಡಿಕೊಡಬಹುದು. ಹಾಸು ಆಳವಾಗಿದ್ದರೆ ಮಧ್ಯಾಹ್ನದ ಹೊತ್ತು ಹ್ಯಾಮ್ಸ್ಟರ್ ಗಡಿಗೆಯನ್ನೂ ಬಿಟ್ಟು ತಳಕ್ಕಿಳಿದು, ಬಿಲದ ಬಾಯಿ ಮುಚ್ಚಿಕೊಂಡು ಮಲಗುತ್ತದೆ. ಸಂಜೆಯವರೆಗೆ ನೋಡುವವರಿಗೆ ಕಾಣುವುದು ಬರೀ ಮಣ್ಣು.