ಹುಲ್ಲಿನ ಲಾರಿ, ಕರೆಂಟ್ ತಂತಿ

ಜನವರಿಯ ಒಂದು ಶನಿವಾರ ಸಂಜೆ ಬೆಂಗಳೂರಿನಿಂದ ಮಳವಳ್ಳಿ ಕಡೆ ಹೊರಟಿದ್ದೆ. ಸಾತನೂರು ದಾಟಿದ ಮೇಲೆ ಮುಂದೊಂದು ಹುಲ್ಲಿನ ಲಾರಿ ಸಿಕ್ತು. ಲಾರಿ ಅಂತ ಗೊತ್ತಾಗಿದ್ದು ಕೆಳಗಿನ ಚಕ್ರ ನೋಡಿ. ಉಳಿದಂತೆ ಅದು ರಸ್ತೆ ತುಂಬ ತೂಗಾಡುತ್ತಾ ಹೋಗೋ ಬಣವೆ. ನಂಬರ್ ಪ್ಲೇಟ್ ಕಾಣಲ್ಲ, ಹಿಂದಿನ ದೀಪ ಕಾಣಲ್ಲ. ಓವರ್‌ಟೇಕ್ ಮಾಡೋಣ ಅಂದ್ರೆ ಎದುರಿನ ರಸ್ತೆಯೇ ಕಾಣಲ್ಲ. ಹಾರ್ನ್ ಹೊಡೆದೆ, ಬೈದುಕೊಂಡೆ. ನೀವೂ ಈ ದಾರಿಯಲ್ಲಿ ಬಂದಿದ್ರೆ ಬೈದುಕೊಂಡಿರ್ತೀರಿ.

ಹಲಗೂರು ಸಿಗುವ ಮೊದಲೇ ಲಾರಿ ಪಕ್ಕಕ್ಕೆ ನಿಂತಿತು. ಅಲ್ಲೇ ಟೀ ಅಂಗಡಿ, ನಾನೂ ನಿಂತೆ. ಡ್ರೈವರ್ ಇಳಿದು ಹಗ್ಗವನ್ನು ಮತ್ತೆ ಎಳೆದು ಬಿಗಿ ಮಾಡತೊಡಗಿದ. "ಹೊರಡುವಾಗಲೇ ಕಟ್ಟಿರಲಿಲ್ವಾ ಅಣ್ಣಾ?" ಅಂದೆ. "ಹಗ್ಗ ಎಲ್ಡ್ ಸಲ ಎಳೀಬೇಕು ಕಣಪ್ಪ. ಊರಲ್ಲೊಂದ್ಸಲ, ದಾರೀಲೊಂದ್ಸಲ. ಹುಲ್ಲು ಕುಲುಕಿ ಕುಲುಕಿ ಕೂತ್ಕತದೆ, ಹಗ್ಗ ಸಡ್ಲ ಆಯ್ತದೆ" ಅಂದ. ಲೋಡಿನ ಮೇಲೆ ಕ್ಲೀನರ್ ಹುಡುಗ ಅಂಗಾತ ಮಲಗಿದ್ದ. ಪಕ್ಕದಲ್ಲಿ ಉದ್ದನೆಯ ಒಣ ಬಿದಿರು. ಅದ್ಯಾಕೆ ಅಂತ ಕೇಳಿದೆ. "ಕರೆಂಟ್ ತಂತಿ ಅಡ್ಡ ಬಂದ್ರೆ ಎತ್ತಿ ಹಿಡಿಯಾಕೆ."

ಆ ಬಿದಿರು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಯಾಕೆಂದರೆ ತಂತಿಗೂ ನಮ್ಮ ತಾಲ್ಲೂಕಿಗೂ ಹಳೇ ನಂಟು. ಮಳವಳ್ಳಿ ದಾಟಿದರೆ ಶಿವನಸಮುದ್ರ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಅಲ್ಲಿನ ವಿದ್ಯುತ್ ಯೋಜನೆಯ ಎಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲೋಟ್‌ಬಿನಿಯೆರ್. ಟರ್ಬೈನು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ರೈಲು ಇಲ್ಲದ ಈ ಸೀಮೆಗೆ ಅಷ್ಟು ಭಾರದ ಯಂತ್ರಗಳು ಬಂದಿದ್ದು ಗಾಡಿಗಳ ಮೇಲೆ, ಆನೆಗಳ ಬಲದಿಂದ. ನಮ್ಮ ಕಡೆಯ ರಸ್ತೆಗಳು ಕಂಡ ಮೊದಲ ದೊಡ್ಡ ಲೋಡು ಅದೇ ಇರಬೇಕು. 1902ರ ಜೂನ್ 30ಕ್ಕೆ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಯಿತು. 147 ಕಿಲೋಮೀಟರ್ ತಂತಿ, ಆಗ ಜಗತ್ತಿನಲ್ಲೇ ಅತಿ ಉದ್ದದ ಸಾಲುಗಳಲ್ಲೊಂದು. ಗಾಡಿ ಮೇಲೆ ಬಂದ ಸಾಮಾನು ತಂತಿಯಾಗಿ ಮೇಲೇರಿತು. ಆಮೇಲೆ ಒಂದೊಂದೇ ಊರಿಗೆ ಕಂಬ ಬಂತು. ಅಲ್ಲಿಯವರೆಗೆ ಹುಲ್ಲಿನ ಗಾಡಿಗೆ ಮೇಲೆ ಆಕಾಶ ಬಿಟ್ಟರೆ ಬೇರೆ ಮಿತಿ ಇರಲಿಲ್ಲ. ಎತ್ತು ಎಳೆಯುವಷ್ಟು ಹೇರು, ಗಾಡಿ ಮಗುಚದ ಹಾಗೆ ಕಟ್ಟು, ಇಷ್ಟೇ ಕಾನೂನು.

ತಂತಿ ಬಂದ ಮೇಲೆ ಎರಡು ಕಡೆಯಿಂದ ಅಳತೆ ಹಿಡಿಯಬೇಕಾಯಿತು. 1956ರ ವಿದ್ಯುತ್ ನಿಯಮಗಳು ಮೇಲಿನ ಅಳತೆ ಹೇಳಿದವು: ರಸ್ತೆ ದಾಟುವ ಸಾಮಾನ್ಯ ತಂತಿ ನೆಲದಿಂದ ಕನಿಷ್ಠ 5.8 ಮೀಟರ್ ಎತ್ತರ ಇರಬೇಕು, ಹೈ ವೋಲ್ಟೇಜ್ ತಂತಿ 6.1 ಮೀಟರ್. 2010ರ ನಿಯಮಗಳೂ ಅದನ್ನೇ ಉಳಿಸಿಕೊಂಡವು. ಕೆಳಗಿನ ಅಳತೆ ಮೋಟಾರು ವಾಹನ ನಿಯಮಗಳದ್ದು. ಸರಕು ವಾಹನದ ಎತ್ತರಕ್ಕೆ ಮೊದಲು 3.8 ಮೀಟರ್ ಮಿತಿ ಇತ್ತು, 2020ರಲ್ಲಿ ಅದನ್ನು 4 ಮೀಟರ್ ಮಾಡಿದರು. ಕಳೆದು ನೋಡಿ, ಉಳಿಯೋದು 1.8 ಮೀಟರ್. ಒಬ್ಬ ಎತ್ತರದ ಆಳಿನಷ್ಟು ಜಾಗ. ಕ್ಲೀನರ್ ಹುಡುಗನ ಜೀವ ಇರೋದು ಆ ಜಾಗದಲ್ಲಿ. ಹುಲ್ಲು ಅದನ್ನು ಕೆಳಗಿಂದ ತಿನ್ನುತ್ತೆ, ಜೋತುಬಿದ್ದ ತಂತಿ ಮೇಲಿಂದ ತಿನ್ನುತ್ತೆ. ಎರಡೂ ಸೇರಿದ ದಿನ ಕಿಡಿ ಹಾರಿ ಲಾರಿಗೆ ಲಾರಿಯೇ ಬೂದಿ. ಮಂಡ್ಯ ಜಿಲ್ಲೆಯವರಿಗೆ ಈ ಸುದ್ದಿ ಹೊಸದಲ್ಲ.

ಹಾಗಾದ್ರೆ ಯಾಕೆ ಹೇರ್ತಾರೆ? ಇಲ್ಲಿ ಕಬ್ಬಿಗೂ ಹುಲ್ಲಿಗೂ ವ್ಯತ್ಯಾಸ ಇದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ಕಬ್ಬಿಗೆ ದುಡ್ಡು ತೂಕದ ಲೆಕ್ಕ. ಅಲ್ಲಿ ಆಸೆ ಟನ್ನಿನದು, ಅದನ್ನು ತೂಕದ ಸೇತುವೆ ಹಿಡಿಯುತ್ತೆ. ಹುಲ್ಲು ಹಗುರ. ತೂಕದ ಮಿತಿ ಮುಟ್ಟುವ ಎಷ್ಟೋ ಮುಂಚೆ ಲಾರಿ ತುಂಬಿಹೋಗುತ್ತೆ. ಬಾಡಿಗೆ ಮಾತ್ರ ಟ್ರಿಪ್ಪಿಗಿಷ್ಟು ಅಂತ. ಇನ್ನೆರಡು ಅಡಿ ಮೇಲೆ ಹೇರಿದರೆ ಹಸು ಸಾಕಿದವನಿಗೆ ಹೊರೆಯ ಬೆಲೆ ಇಳಿಯುತ್ತೆ. ಆ ಎರಡಡಿ ಯಾವ ತಕ್ಕಡಿಯಲ್ಲೂ ಕಾಣಲ್ಲ.

1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದಾಗ ಈ ಸಂದು ಮುಚ್ಚಿದರು. ಹೆಚ್ಚು ತೂಕಕ್ಕೆ ಇದ್ದ 2,000 ರೂಪಾಯಿ ದಂಡ 20,000 ಆಯಿತು. ತೂಕ ಸರಿಯಿದ್ದರೂ ಲೋಡು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮೇಲಕ್ಕೆ ಮಿತಿ ಮೀರಿ ಚಾಚಿದರೆ ಬೇರೆಯಾಗಿ 20,000. ಜೊತೆಗೆ ಹೆಚ್ಚಿನ ಲೋಡು ಇಳಿಸುವ ಖರ್ಚೂ ಅವರದೇ. ಮರುವರ್ಷವೇ ಎತ್ತರದ ಮಿತಿಯನ್ನು 20 ಸೆಂಟಿಮೀಟರ್ ಸಡಿಲಿಸಿದ್ದೂ ಉಂಟು.

ಆದರೆ ಕಟ್ಟೋದು ಹೇಗೆ ಅನ್ನೋದನ್ನ ಹುಡುಗರು ಕಲಿಯೋದು ಕಾನೂನು ಓದಿ ಅಲ್ಲ. ಬೆಲ್ಲದ ಲೋಡಿಗೆ ಎರಡು ಟಾರ್ಪಾಲು ಬೇಕಾದರೆ ಮೊದಲು ಹಿಂದಿನದನ್ನು ಹಾಸಬೇಕು, ಮುಂದಿನದರ ಅಂಚು ಅದರ ಮೇಲೆ ಬರಬೇಕು. ತಿರುವುಮುರುವಾದರೆ ಎದುರು ಗಾಳಿ ಸಂದಿಗೆ ನುಗ್ಗಿ ಟಾರ್ಪಾಲನ್ನೇ ಹಾರಿಸುತ್ತೆ, ಮಳೆ ಒಳಗೆ ಇಳಿಯುತ್ತೆ, ಬೆಲ್ಲ ನೀರಾಗುತ್ತೆ. ಡ್ರೈವರ್ ಇದನ್ನ ಟೀ ಕುಡೀತಾ ಹೇಳಿದ. ಅವನಿಗೆ ಅವನ ಗುರು ಹೇಳಿದ್ದಂತೆ. ಇಷ್ಟೆಲ್ಲ ತಿಳಿದವನು ಹುಲ್ಲನ್ನ ಯಾಕೆ ಅಷ್ಟು ಎತ್ತರ ಹೇರಿದ ಅಂತ ಕೇಳಿದ್ದಕ್ಕೆ, "ಬಾಡಿಗೆ ಕೊಡೋರು ಕೇಳ್ಬೇಕಲ್ಲಪ್ಪ" ಅಂದ.

ಅಲ್ಲಿಗೆ ನನ್ನ ಬೈಗುಳ ಅರ್ಧ ಇಳಿಯಿತು. ದಂಡದ ಚೀಟಿ ಬರೋದು ಲಾರಿಯ ಹೆಸರಿಗೆ, ಉಳಿತಾಯ ಹೋಗೋದು ಹುಲ್ಲು ತರಿಸಿಕೊಂಡವರಿಗೆ, ತಂತಿ ಕೆಳಗೆ ಮಲಗೋದು ದಿನಗೂಲಿಯ ಹುಡುಗ. ನಾವು ಬೆಂಗಳೂರಲ್ಲಿ ಪ್ಯಾಕೆಟ್ ಹಾಲು ಹರಿದು ಕಾಫಿ ಮಾಡಿಕೊಳ್ಳುವಾಗ ಆ ಎರಡಡಿ ಹುಲ್ಲಿನ ಲಾಭದಲ್ಲಿ ನಮ್ಮ ಪಾಲೂ ಚೂರು ಇರುತ್ತೆ.

ಲಾರಿ ಮತ್ತೆ ಹೊರಟಿತು. ಹಲಗೂರಿನ ಒಳಗೆ ಮೊದಲ ತಂತಿ ಅಡ್ಡ ಬಂದಾಗ ಹುಡುಗ ಮಂಡಿಯೂರಿ ಎದ್ದು ಬಿದಿರು ಚಾಚಿದ. ನಾನು ಐವತ್ತು ಅಡಿ ಹಿಂದೆಯೇ ನಿಂತೆ. ಈ ಸಲ ಹಾರ್ನ್ ಹೊಡೀಲಿಲ್ಲ.