ಸುವಾಸನೆಯ ಸಾಕ್ಷ್ಯ: ಗಂಧಸಸ್ಯಗಳ ವರ್ಗೀಕರಣದ ಇತಿಹಾಸವನ್ನು ಕುರಿತು ಒಂದು ವಿಚಾರ

ಹುಬ್ಬಳ್ಳಿಯ ಪೇಟೆಯಲ್ಲಿ ಲಾವಂಚದ ಬೇರನ್ನು ಕೊಳ್ಳುವವನು ಮೊದಲು ಅದನ್ನು ಮೂಸಿ ನೋಡುತ್ತಾನೆ. ಎಲೆಯಾಗಲಿ ಹೂವಾಗಲಿ ಅವನ ಮುಂದಿರುವುದಿಲ್ಲ. ವಾಸನೆಯೇ ಅವನಿಗೆ ಪ್ರಮಾಣ. ವಸ್ತುವನ್ನು ಗುರುತಿಸಲು ಸಾಲುವ ಈ ಪ್ರಮಾಣವು ಸಸ್ಯಗಳ ಪರಸ್ಪರ ಬಾಂಧವ್ಯವನ್ನು ನಿರ್ಣಯಿಸಲೂ ಸಾಕಾದೀತೆ? ಇದು ಸಸ್ಯಶಾಸ್ತ್ರಜ್ಞರ ಪ್ರಶ್ನೆಯೆಂದು ತೋರಬಹುದು. ಆದರೆ ಪ್ರಾಚೀನ ಗ್ರಂಥಗಳಲ್ಲಿ ಬರುವ ಸಸ್ಯನಾಮಗಳನ್ನು ಇಂದಿನ ಲ್ಯಾಟಿನ್ ಹೆಸರುಗಳಿಗೆ ಹೊಂದಿಸಬೇಕಾದ ಇತಿಹಾಸಕಾರನಿಗೂ ಇದು ಅಲಕ್ಷಿಸತಕ್ಕ ಪ್ರಶ್ನೆಯಲ್ಲ. ಆದುದರಿಂದ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಸಂಗ್ರಹವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

ಕನ್ನಡನಾಡಿನಲ್ಲಿ ಗಂಧದ್ರವ್ಯಗಳ ವಿಚಾರ ಹೊಸದಲ್ಲ. ಕ್ರಿ. ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ಸೂಪಶಾಸ್ತ್ರಗಳೊಡನೆ ಸುಗಂಧದ್ರವ್ಯಗಳಿಗೂ ಸ್ಥಾನವುಂಟು. ಅದರ ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಲೇಪನ, ಧೂಪಾದಿಗಳನ್ನು ರಾಜಭೋಗಗಳಲ್ಲಿ ಎಣಿಸಿದೆ. ಇಂತಹ ಗ್ರಂಥಗಳ ದೃಷ್ಟಿ ಬಳಕೆಯ ದೃಷ್ಟಿ. ಯಾವ ಗಿಡ ಯಾವ ಗಿಡಕ್ಕೆ ಬಂಧುವೆಂಬುದನ್ನು ಅವು ಕೇಳಲಿಲ್ಲ. ಕೇಳುವ ಅವಶ್ಯಕತೆಯೂ ಅವುಗಳಿಗೆ ಇರಲಿಲ್ಲ. ‘ಚಂದನ’ವೆಂಬ ಒಂದೇ ಪದವು ಪರಿಮಳವುಳ್ಳ ಶ್ರೀಗಂಧಕ್ಕೂ, ಹೆಚ್ಚು ಪರಿಮಳವಿಲ್ಲದ, ಅವರೆ–ತೊಗರಿಗಳ ಕುಟುಂಬಕ್ಕೆ ಸೇರಿದ ರಕ್ತಚಂದನಕ್ಕೂ ಸಲ್ಲುತ್ತ ಬಂದುದು ಇದಕ್ಕೆ ಸಾಕಷ್ಟು ನಿದರ್ಶನ.

ಯುರೋಪಿನಲ್ಲಿ ಲಿನ್ನೇಯಸನು 1752ರಲ್ಲಿ ಔಷಧಿಗಳ ವಾಸನೆಗಳನ್ನು ಏಳು ವರ್ಗಗಳಾಗಿ ವಿಂಗಡಿಸಿದನು. ಆದರೆ ಮರುವರ್ಷವೇ ಪ್ರಕಟವಾದ ತನ್ನ ಸಸ್ಯಪ್ರಭೇದಗಳ ಮಹಾಗ್ರಂಥದಲ್ಲಿ ಅವನು ವರ್ಗೀಕರಣಕ್ಕೆ ಆಧಾರವಾಗಿ ಹಿಡಿದದ್ದು ವಾಸನೆಯನ್ನಲ್ಲ, ಹೂವಿನ ಕೇಸರ–ಶಲಾಕೆಗಳನ್ನು. ವಾಸನೆಯನ್ನು ಅಳೆಯುವ ಸಾಧನವು ಆಗ ಮೂಗೊಂದೇ ಆಗಿದ್ದಿತಷ್ಟೆ.

ಸುಗಂಧತೈಲದ ರಾಸಾಯನಿಕ ಪರೀಕ್ಷೆಯನ್ನು ವರ್ಗೀಕರಣಕ್ಕೆ ವ್ಯಾಪಕವಾಗಿ ಬಳಸಿದವರಲ್ಲಿ ಆಸ್ಟ್ರೇಲಿಯದ ಬೇಕರ್ ಮತ್ತು ಸ್ಮಿತ್ ಪ್ರಮುಖರು. ನಾವು ನೀಲಗಿರಿ ಎಂದು ಕರೆಯುವ ಯೂಕಲಿಪ್ಟಸ್ ಮರಗಳನ್ನು ಕುರಿತು ಅವರು 1902ರಲ್ಲಿ ಪ್ರಕಟಿಸಿದ ಗ್ರಂಥವು, ಎಲೆಯ ನರಗಳ ವಿನ್ಯಾಸಕ್ಕೂ ಎಲೆಯೊಳಗಿನ ತೈಲದ ಘಟಕಗಳಿಗೂ ಸಂಬಂಧವಿದೆಯೆಂದು ತೋರಿಸಿತು. ಒಂದು ಪ್ರಭೇದಕ್ಕೆ ಒಂದು ಸ್ಥಿರವಾದ ತೈಲವೆಂಬುದು ಅವರ ನಂಬಿಕೆ. ಈ ನಂಬಿಕೆ ಹೆಚ್ಚು ಕಾಲ ಬಾಳಲಿಲ್ಲ. ಅದೇ ದೇಶದ ಪೆನ್‌ಫೋಲ್ಡ್ ಮತ್ತು ಮಾರಿಸನ್ 1927ರಲ್ಲಿ, ನೋಟಕ್ಕೆ ಒಂದೇ ಆದ ಯೂಕಲಿಪ್ಟಸ್ ಡೈವ್ಸ್ ಮರಗಳಲ್ಲಿ ಕೆಲವು ಪಿಪೆರಿಟೋನನ್ನೂ ಕೆಲವು ಸಿನಿಯೋಲನ್ನೂ ಪ್ರಧಾನವಾಗಿ ಕೊಡುವುದನ್ನು ತೋರಿಸಿಕೊಟ್ಟರು.

ಭಾರತದ ಗಂಧದ ಹುಲ್ಲುಗಳ ಇತಿಹಾಸವೂ ಇಂಥದೇ. 1906ರಲ್ಲಿ ಕ್ಯೂ ಉದ್ಯಾನದ ಓಟೋ ಸ್ಟಾಫ್ ಭಾರತ ಮತ್ತು ಸಿಂಹಳದ ತೈಲದ ಹುಲ್ಲುಗಳನ್ನು ಪರಿಷ್ಕರಿಸಿ, ಮಜ್ಜಿಗೆಹುಲ್ಲು, ರೋಷಾಹುಲ್ಲು ಮುಂತಾದವನ್ನು ವಿಸ್ತಾರವಾದ ಆಂಡ್ರೊಪೋಗನ್ ಜಾತಿಯಿಂದ ಬೇರ್ಪಡಿಸಿ ಸಿಂಬೊಪೋಗನ್ ಜಾತಿಯಲ್ಲಿರಿಸಿದನು. ರೋಷಾಹುಲ್ಲಿನಲ್ಲಿಯೇ ‘ಮೋತಿಯಾ’, ‘ಸೋಫಿಯಾ’ ಎಂಬ ಎರಡು ಬಗೆಗಳುಂಟು. ಇವನ್ನು ರೂಪದಿಂದ ಬೇರ್ಪಡಿಸುವುದು ಕಷ್ಟ, ತೈಲದಿಂದ ಸುಲಭ. ಮೊದಲನೆಯದು ಗುಲಾಬಿಯನ್ನು ನೆನಪಿಸುವ ಜೆರಾನಿಯೋಲಿನಿಂದ ತುಂಬಿದ್ದು, ಎರಡನೆಯದರಲ್ಲಿ ಅದು ಕಡಿಮೆ. ಹುಲ್ಲನ್ನು ಬಟ್ಟಿಯಿಳಿಸುವವರು ಈ ಭೇದವನ್ನು ಕಂಡುಕೊಂಡು ಬೇರೆಬೇರೆ ಹೆಸರಿಟ್ಟಿದ್ದರೆಂಬುದೂ, ಶಾಸ್ತ್ರವು ಅದನ್ನು ಆಮೇಲೆ ಒಪ್ಪಿಕೊಂಡಿತೆಂಬುದೂ ಗಮನಾರ್ಹ.

ಶ್ರೀಗಂಧದ ವಿಷಯದಲ್ಲಿ ತೈಲದ ಪರೀಕ್ಷೆಗೆ ಆರ್ಥಿಕ ಮಹತ್ವವೂ ಇದ್ದಿತು. ಮೊದಲನೆಯ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧದ ಕಟ್ಟಿಗೆಯ ವ್ಯಾಪಾರ ನಿಂತಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವ್ಯಾಟ್ಸನ್ ತೈಲವನ್ನು ಇಲ್ಲಿಯೇ ತೆಗೆಯುವ ವಿಧಾನವನ್ನು ಸಿದ್ಧಪಡಿಸಿದರು. ಮೈಸೂರು ಸಂಸ್ಥಾನದ ಗಂಧದೆಣ್ಣೆಯ ಕಾರ್ಖಾನೆಗಳು 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಪ್ರಾರಂಭವಾದುವು. ಪೇಟೆಯಲ್ಲಿ ‘ವೆಸ್ಟ್ ಇಂಡಿಯನ್ ಗಂಧದೆಣ್ಣೆ’ ಎಂಬ ಇನ್ನೊಂದು ತೈಲವೂ ಮಾರಾಟವಾಗುತ್ತಿದ್ದಿತು. ಅದು ನಿಂಬೆಯ ಕುಟುಂಬಕ್ಕೆ ಸೇರಿದ ಅಮೈರಿಸ್ ಮರದ ತೈಲ. ನಮ್ಮ ಶ್ರೀಗಂಧದೆಣ್ಣೆಯ ಜೀವಾಳವಾದ ಸ್ಯಾಂಟಲೋಲ್ ಅದರ ಮುಖ್ಯ ಘಟಕವಲ್ಲ. ಹೆಸರು ಒಂದಾಗಿಸಿದ್ದನ್ನು ರಸಾಯನವು ಇಲ್ಲಿ ಬೇರ್ಪಡಿಸಿತು.

1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ರೂಪಿಸಿದ ಗ್ಯಾಸ್ ಕ್ರೊಮಟಾಗ್ರಫಿಯಿಂದ, ಒಂದು ಹನಿ ತೈಲದೊಳಗಿನ ಅನೇಕ ಘಟಕಗಳನ್ನು ಬಿಡಿಬಿಡಿಯಾಗಿ ಅಳೆಯುವುದು ಸಾಧ್ಯವಾಯಿತು. 1962ರಿಂದ ಹೆಗ್‌ನಾವರನ ಸಂಪುಟಗಳೂ 1963ರಲ್ಲಿ ಆಲ್‌ಸ್ಟನ್ ಮತ್ತು ಟರ್ನರರ ಗ್ರಂಥವೂ ಪ್ರಕಟವಾಗಿ, ರಸಾಯನಾಧಾರಿತ ವರ್ಗೀಕರಣವು ಸ್ವತಂತ್ರ ಶಾಖೆಯಾಗಿ ನೆಲೆಗೊಂಡಿತು. ಆದರೆ ಸೂಕ್ಷ್ಮವಾದ ಅಳತೆಯೇ ಅದರ ಮಿತಿಯನ್ನೂ ಬಯಲಿಗೆ ತಂದಿತು. ಲವಂಗದ ಪ್ರಧಾನ ಘಟಕವಾದ ಯೂಜೆನೋಲ್ ದಾಲ್ಚಿನ್ನಿಯ ಎಲೆಯಲ್ಲಿಯೂ ತುಳಸಿಯಲ್ಲಿಯೂ ಉಂಟು. ಈ ಮೂರೂ ಬೇರೆಬೇರೆ ಕುಟುಂಬದವು. ಇದಕ್ಕೆ ವಿರುದ್ಧವಾಗಿ ರಾಮತುಳಸಿಯೆಂಬ ಒಂದೇ ಪ್ರಭೇದದಲ್ಲಿ ಯೂಜೆನೋಲ್ ಪ್ರಧಾನವಾದ ಗಿಡಗಳೂ ಥೈಮೋಲ್ ಪ್ರಧಾನವಾದ ಗಿಡಗಳೂ ಇವೆ. ಇದರ ಕಾರಣವೂ ಈಗ ಸ್ಪಷ್ಟವಾಗಿದೆ. ಅನೇಕ ಸುಗಂಧದ್ರವ್ಯಗಳು ಐದೈದು ಇಂಗಾಲದ ಘಟಕಗಳ ಜೋಡಣೆಯಿಂದ ಆದವು. ಆ ಜೋಡಣೆಯನ್ನು ನಡೆಸುವ ಕಿಣ್ವದಲ್ಲಿ ಅಲ್ಪ ವ್ಯತ್ಯಾಸವಾದರೂ ಪರಿಮಳ ಬದಲಾಗಬಲ್ಲದು. ಆದುದರಿಂದ ತೈಲದ ಸಾಕ್ಷ್ಯವು ಹತ್ತಿರದ ಬಂಧುಗಳನ್ನು ವಿಂಗಡಿಸುವಲ್ಲಿ ಉಪಯುಕ್ತ. ದೂರದ ಬಾಂಧವ್ಯವನ್ನು ಹೇಳುವಲ್ಲಿ ದುರ್ಬಲ. 1990ರ ದಶಕದಿಂದೀಚೆಗೆ ಅಂತಹ ಬಾಂಧವ್ಯದ ನಿರ್ಣಯವು ಬಹುಮಟ್ಟಿಗೆ ಡಿ.ಎನ್.ಎ. ಪರೀಕ್ಷೆಯ ಪಾಲಾಗಿದೆ.

ಇತಿಹಾಸದ ವಿದ್ಯಾರ್ಥಿಗೆ ಈ ನ್ಯಾಯ ಅಪರಿಚಿತವಲ್ಲ. ತೇದಿಯಿಲ್ಲದ ಶಾಸನದ ಲಿಪಿಯು ಅದರ ಶತಮಾನವನ್ನು ಸೂಚಿಸೀತು. ಆದರೆ ಕೇವಲ ಅಕ್ಷರದ ಆಕಾರವನ್ನು ನಂಬಿ ಅದು ಇಂಥ ಅರಸನದೇ ಎಂದು ನಾವು ಸಾಧಿಸುವುದಿಲ್ಲ. ಭಾಷೆ, ವಿಷಯ, ದೊರೆತ ಸ್ಥಳ ಇವೆಲ್ಲವೂ ಕೂಡಿ ನುಡಿಯಬೇಕು. ಆದರೂ ಸಸ್ಯನಾಮಗಳ ವಿಷಯದಲ್ಲಿ ನಾವು ಈ ಎಚ್ಚರವನ್ನು ಮರೆಯುತ್ತೇವೆ. ಕಿಟ್ಟೆಲರ 1894ರ ನಿಘಂಟಿನಂತಹ ಅಮೂಲ್ಯ ಕೋಶಗಳಲ್ಲಿ ಕೊಟ್ಟ ಲ್ಯಾಟಿನ್ ಹೆಸರನ್ನು ಎತ್ತಿಕೊಂಡು, ಸಾವಿರ ವರ್ಷಗಳ ಹಿಂದಿನ ಗ್ರಂಥದ ಗಿಡಕ್ಕೆ ಅಂಟಿಸಿಬಿಡುತ್ತೇವೆ. ಲಾವಂಚವನ್ನೇ ನೋಡಿದರೆ, 19ನೆಯ ಶತಮಾನದಲ್ಲಿ ಆಂಡ್ರೊಪೋಗನ್ ಎಂದೂ, ಅನಂತರ ವೆಟಿವೇರಿಯ ಎಂದೂ, ಈಗ ಕ್ರೈಸೊಪೋಗನ್ ಎಂದೂ ಅದರ ಜಾತಿನಾಮ ಬದಲಾಗುತ್ತ ಬಂದಿದೆ. ಉತ್ತರ ಭಾರತದ ಲಾವಂಚದ ತೈಲಕ್ಕೂ ದಕ್ಷಿಣದ ಲಾವಂಚದ ತೈಲಕ್ಕೂ ಗುಣಭೇದವಿರುವುದು ಸಿದ್ಧಪಟ್ಟಿದೆ. ಹೀಗಿರುವಾಗ ಗ್ರಂಥವು ಹುಟ್ಟಿದ ಪ್ರದೇಶವನ್ನು ಲೆಕ್ಕಿಸದೆ ಗಿಡವನ್ನು ನಿರ್ಣಯಿಸುವುದು ಉಚಿತವಾಗದು.

‘ಲೋಕೋಪಕಾರ’ದಂತಹ ಗ್ರಂಥಗಳ ಗಂಧದ್ರವ್ಯಗಳನ್ನು ಗುರುತಿಸುವ ಕಾರ್ಯದಲ್ಲಿ ಇತಿಹಾಸ, ಕನ್ನಡ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳು ಒಂದುಗೂಡಬೇಕೆಂದು ನಾವು ಸೂಚಿಸುತ್ತೇವೆ. ಗ್ರಂಥದ ಪಾಠ, ಬೆಳೆಯುವ ನೆಲ, ಗಿಡದ ರೂಪ ಹಾಗೂ ತೈಲದ ಪರೀಕ್ಷೆ ಇವು ನಾಲ್ಕೂ ಹೊಂದಿದಲ್ಲಿ ಮಾತ್ರ ಹೆಸರನ್ನು ನಿಶ್ಚಿತವೆನ್ನಬೇಕು; ಹೊಂದದ ಕಡೆ ಮೂಲದ ಕನ್ನಡ ಹೆಸರನ್ನೇ ಉಳಿಸಿಕೊಳ್ಳುವುದು ಲೇಸು. ಪರಿಮಳವು ವಿಶ್ವಾಸಾರ್ಹ ಸಾಕ್ಷಿ ಎಂಬುದರಲ್ಲಿ ಸಂದೇಹವಿಲ್ಲ. ತೀರ್ಪನ್ನು ಕೊಡುವ ಹೊಣೆಯನ್ನು ಅದೊಂದರ ಮೇಲೆ ಹೊರಿಸಲಾಗದೆಂಬುದೇ ಈ ಇತಿಹಾಸದಿಂದ ನಮಗೆ ತಿಳಿದುಬರುವ ಅಂಶ.